ಮೊರ, ಅಕ್ಕಿ, ಅಮ್ಮ, ಮಗ: ಕಿರುಚಿತ್ರದ ಒಂದು ಸೀನ್‌ನ ರಿಹರ್ಸಲ್, ಶೂಟಿಂಗ್ ಟಿಪ್ಪಣಿ

ಕಿರುಚಿತ್ರ ಮಾಡ್ತೀವಿ ಅಂದರೆ ಎಲ್ಲರೂ ಮೊದಲು ಕೇಳುವುದು ಕ್ಯಾಮೆರಾ ಯಾವುದು ಅಂತ. ನಾನೂ ಹಾಗೇ ಕೇಳಿಕೊಂಡು ಓಡಾಡಿದವನು. ಎರಡು ಕಿರುಚಿತ್ರ ಮುಗಿಸಿದ ಮೇಲೆ ಗೊತ್ತಾಗಿದ್ದು ಇಷ್ಟು: ಕೈಯಲ್ಲಿ ಕಾಸಿಲ್ಲದವರಿಗೆ ಧಾರಾಳವಾಗಿ ಸಿಗುವುದು ರಿಹರ್ಸಲ್ ಸಮಯ ಒಂದೇ. ಶೂಟಿಂಗ್ ದಿನ ಲೈಟ್ ಬಾಡಿಗೆ, ಊಟ, ಆಟೊ ಅಂತ ದುಡ್ಡು ಕರಗುತ್ತಲೇ ಇರುತ್ತದೆ. ರಿಹರ್ಸಲ್‌ಗೆ ಕಾಫಿ ಖರ್ಚು ಮಾತ್ರ. ಒಂದೇ ಸೀನ್ ಹಿಡಿದು ಬರೆಯುತ್ತೇನೆ, ಆಗ ಅರ್ಥವಾಗುವುದು ಸುಲಭ.

ಸೀನ್ ಹೀಗಿದೆ. ಮೈಸೂರಿನ ಹಳೆಯ ಮನೆ. ಅಮ್ಮ ಅಡುಗೆಮನೆ ಬಾಗಿಲ ಹತ್ತಿರ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಇಂಜಿನಿಯರಿಂಗ್ ಓದುವ ಮಗ ಬಂದು, ಈ ಸಲ ಪರೀಕ್ಷೆ ಫೀಸೇ ಕಟ್ಟಿಲ್ಲ ಅಂತ ಹೇಳಬೇಕು. ಬರೆದಿದ್ದು ಎರಡೂವರೆ ಪುಟ. ಪುಟಕ್ಕೊಂದು ನಿಮಿಷ ಅನ್ನುವ ವಾಡಿಕೆ ಲೆಕ್ಕದಲ್ಲಿ ಎರಡೂವರೆ ನಿಮಿಷ.

ಅಮ್ಮನ ಪಾತ್ರಕ್ಕೆ ಸಿಕ್ಕವರು ಹವ್ಯಾಸಿ ರಂಗಭೂಮಿಯ ಹಿರಿಯರು. 1989ರಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಶುರುವಾದ ಊರಲ್ವಾ, ಮೈಸೂರಿನಲ್ಲಿ ನಾಟಕದವರಿಗೆ ಬರವಿಲ್ಲ. ಮಗ ಮಾತ್ರ ನಮ್ಮ ಹಾಸ್ಟೆಲ್ ಹುಡುಗ, ಹಿಂದೆ ಯಾವತ್ತೂ ನಟಿಸಿದವನಲ್ಲ. ಅದೇನೂ ತಪ್ಪಲ್ಲ. ರಾಮ್ ರೆಡ್ಡಿ ಅವರ ‘ತಿಥಿ’ ಸಿನಿಮಾದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ಪಾತ್ರ ಮಾಡಿದ್ದರು. ತೊಂದರೆ ಬರುವುದು ಇವರಿಬ್ಬರನ್ನೂ ಒಂದೇ ಫ್ರೇಮ್‌ನಲ್ಲಿ ಕೂರಿಸಿದಾಗ. ಒಬ್ಬರ ದನಿ ಕೊನೇ ಸಾಲಿನ ಕುರ್ಚಿಗೂ ಕೇಳುತ್ತದೆ, ಇನ್ನೊಬ್ಬನದು ಅವನ ಕಾಲರ್ ದಾಟುವುದಿಲ್ಲ.

ಮೊದಲ ದಿನ: ಸುಮ್ನೆ ಓದು

ಮೊದಲ ದಿನ ನಟನೆ ಬೇಡ. ಕೂತು ಓದಿಸಿ, ಸಾಕು. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಗೆರೆ ಎಳೆದುಕೊಳ್ಳಿ. ತಪ್ಪು ಸಾಮಾನ್ಯವಾಗಿ ಬರೆದವರದ್ದೇ ಆಗಿರುತ್ತದೆ. ನಾನು ಅಮ್ಮನಿಗೆ ಬರೆದಿದ್ದ ಮಾತು: “ನೀನು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀಯ.” ಮೇಡಂ ಓದಿ, ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿದರು. “ಯಾವ ತಾಯಿ ಹಿಂಗೆ ಮಾತಾಡ್ತಾಳೆ ಹೇಳಪ್ಪ? ‘ಏನೋ ಅದು?’ ಅಂದ್ರೆ ಸಾಲ್ದಾ?” ಸಾಕಾಯಿತು. ಆ ಸಂಜೆ ಎರಡೂವರೆ ಪುಟ ಒಂದೂವರೆ ಪುಟಕ್ಕೆ ಇಳಿಯಿತು.

ಎರಡನೆಯ ದಿನ: ಕೆಲಸ ಕೊಡಿ

“ದುಃಖದಿಂದ ಹೇಳಿ”, “ಸ್ವಲ್ಪ ಕೋಪ ಜಾಸ್ತಿ ಇರಲಿ” ಅಂತ ಹೇಳಿದರೆ ನಟರು ದುಃಖದ ಮುಖ, ಕೋಪದ ಮುಖ ಮಾಡಿ ತೋರಿಸುತ್ತಾರೆ. ಅದರ ಬದಲು ಮಾಡುವುದಕ್ಕೆ ಒಂದು ಕೆಲಸ ಹೇಳಿ. ರಷ್ಯಾದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ನಟನೆಯ ಪಾಠದಲ್ಲಿ ಮತ್ತೆ ಮತ್ತೆ ಬರುವ ‘ಕ್ರಿಯೆ’ ಅನ್ನುವುದನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಎದುರಿಗಿರುವವರಿಂದ ನಿಮಗೆ ಏನು ಬೇಕು, ಅದಕ್ಕೆ ಏನು ಮಾಡುತ್ತೀರಿ? ಮೇಡಂಗೆ ಹೇಳಿದ್ದು, “ವಿಷಯ ಅವನ ಬಾಯಿಂದಲೇ ಬರಬೇಕು, ನೀವಾಗಿ ಒತ್ತಾಯ ಮಾಡೋ ಹಾಗಿಲ್ಲ.” ಹುಡುಗನಿಗೆ ಹೇಳಿದ್ದು, “ಅವರು ಮೊರ ಕೆಳಗಿಡೋದ್ರೊಳಗೆ ಹೇಳಿ ಮುಗಿಸಬೇಕು ಮಗಾ.” ಇಬ್ಬರಿಗೂ ಇನ್ನೊಬ್ಬರಿಗೆ ಏನು ಹೇಳಿದ್ದೇನೆ ಅಂತ ತಿಳಿಸಲಿಲ್ಲ. ಹುಡುಗ ಮೊರವನ್ನೇ ನೋಡತೊಡಗಿದ. ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸು ಅಂತ ನಾನು ಹೇಳಬೇಕಾಗಿಯೇ ಬರಲಿಲ್ಲ.

ಇನ್ನು ರಂಗಭೂಮಿಯ ದೊಡ್ಡ ದನಿ. ಹಿರಿಯರಿಗೆ “ಆಕ್ಟಿಂಗ್ ಕಮ್ಮಿ ಮಾಡಿ” ಅನ್ನುವುದು ಚೆನ್ನಾಗಿರಲ್ಲ. ಪ್ರಯೋಜನವೂ ಇಲ್ಲ, ಪಾತ್ರವೇ ಸಪ್ಪೆಯಾಗುತ್ತದೆ. “ಒಳಗಿನ ಕೋಣೇಲಿ ಮಗು ಮಲಗಿದೆ ಅಂದ್ಕೊಳ್ಳಿ ಮೇಡಂ” ಅಂದೆ. ದನಿ ತಾನಾಗಿ ಇಳಿಯಿತು, ಮಾತಿನ ಬಿಸಿ ಹಾಗೇ ಉಳಿಯಿತು.

ರಿಹರ್ಸಲ್ ಆದಷ್ಟು ಶೂಟಿಂಗ್ ಜಾಗದಲ್ಲೇ ಆಗಲಿ. ಮೊದಲ ಚಿತ್ರಕ್ಕೆ ನಾವು ಖಾಲಿ ಕ್ಲಾಸ್‌ರೂಮಿನಲ್ಲಿ ಐದು ದಿನ ಅಭ್ಯಾಸ ಮಾಡಿದ್ದೆವು. ಶೂಟಿಂಗ್ ಮನೆಗೆ ಹೋದರೆ ಹಾಲ್ ಅದರ ಅರ್ಧವೂ ಇಲ್ಲ. ಕಲಿತ ನಡಿಗೆಯೆಲ್ಲ ಗೋಡೆಗೆ ಬಡಿಯಿತು. ಮನೆ ಮುಂಚೆ ಸಿಗದಿದ್ದರೆ ಅಳತೆ ತಂದು, ಟೆರೇಸ್ ಮೇಲೆ ಚಾಕ್‌ಪೀಸಿನಲ್ಲಿ ಬಾಗಿಲು, ಕಿಟಕಿ, ಕಟ್ಟೆ ಬರೆದುಕೊಳ್ಳಿ.

ಶೂಟಿಂಗ್ ದಿನ

ತಾಂತ್ರಿಕ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಇಟ್ಟಿದ್ದರೆ ಶಟರ್ 1/50 ಸೆಕೆಂಡ್ ಇರಲಿ. 1/60 ಇಟ್ಟರೆ ಗೋಡೆ ಮೇಲೆ ಪಟ್ಟೆ ಓಡುವ ಸಾಧ್ಯತೆ ಇದೆ. ಲೈಟ್‌ಗೆ ದುಡ್ಡಿಲ್ಲದಿದ್ದರೆ ಕಿಟಕಿ ಬೆಳಕು, ಎದುರಿಗೆ ಒಂದು ಬಿಳಿ ಥರ್ಮಾಕೋಲ್. ಲುಕ್, ಅಂದರೆ ಯಾರು ಯಾವ ಕಡೆ ನೋಡುತ್ತಾರೆ ಅನ್ನುವ ವಿಷಯಕ್ಕೆ ಬಂದರೆ, ಅಮ್ಮನ ಮೂಗಿನಿಂದ ಮಗನ ಮೂಗಿಗೆ ದಾರ ಕಟ್ಟಿದೆ ಅಂದುಕೊಳ್ಳಿ. ಕ್ಯಾಮೆರಾ ಆ ದಾರದ ಒಂದೇ ಕಡೆ ಇರಬೇಕು. ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಾ ಮಾತಾಡಿದ ಹಾಗೆ ಕಾಣುತ್ತದೆ.

ಹೆಚ್ಚು ಯೋಚಿಸಬೇಕಾದ್ದು ಯಾರ ಕ್ಲೋಸಪ್ ಮೊದಲು ಅನ್ನುವುದು. ಇದನ್ನು ಲೈಟ್ ನೋಡಿ ತೀರ್ಮಾನಿಸುವವರೇ ಜಾಸ್ತಿ. ನಾನು ರಿಹರ್ಸಲ್‌ನಲ್ಲಿ ಬರೆದುಕೊಂಡ ಚೀಟಿ ನೋಡಿದೆ. ಹುಡುಗ ಎರಡನೆಯ ಸಲಕ್ಕೆ ಚೆನ್ನಾಗಿ ಮಾಡುತ್ತಾನೆ. ನಾಲ್ಕನೆಯದಕ್ಕೆ ಮಗ್ಗಿ ಒಪ್ಪಿಸಿದ ಹಾಗೆ ಆಗುತ್ತದೆ. ಮೇಡಂಗೆ ಉಲ್ಟಾ, ಮೂರು ಸಲ ಆದ ಮೇಲೇ ಕಳೆ ಕಟ್ಟುವುದು. ಹಾಗಾಗಿ ಮೊದಲು ಇಬ್ಬರೂ ಕಾಣುವ ಮಾಸ್ಟರ್, ಆಮೇಲೆ ಹುಡುಗನ ಕ್ಲೋಸಪ್, ಕೊನೆಗೆ ಮೇಡಂದು. ಹುಡುಗನ ಶಾಟ್‌ಗಳಲ್ಲಿ ಮೇಡಂ ಕ್ಯಾಮೆರಾ ಪಕ್ಕ ಕೂತು ಪೂರ್ತಿ ಮಾತು ಕೊಟ್ಟರು. ಅಷ್ಟರಲ್ಲಿ ಅವರ ಮೂರು ಸಲ ಆಗಿಹೋಗಿತ್ತು! ಅವರ ಸರದಿ ಬಂದಾಗ ಹುಡುಗನೂ ಎದುರಿಗೆ ಕೂರಲೇಬೇಕು. ಅಸಿಸ್ಟೆಂಟ್ ಮೊಬೈಲ್ ನೋಡಿಕೊಂಡು ಓದಿದರೆ ಅಮ್ಮ ಯಾರ ಮುಖ ನೋಡಬೇಕು?

ಟೇಕ್ ಹಳಸುತ್ತಿದೆ ಅನಿಸಿದರೆ ಬರೀ “ಒನ್ ಮೋರ್” ಅನ್ನಬೇಡಿ. ಏನಾದರೂ ಬದಲಿಸಿ, ಆಮೇಲೆ ಕೇಳಿ. “ಈ ಸಲ ಚಪ್ಪಲಿ ಬಿಡ್ತಾನೇ ಹೇಳು” ಅಂದ ಟೇಕೇ ಎಡಿಟಿಂಗ್‌ನಲ್ಲಿ ಉಳಿದಿದ್ದು. ಮಾಸ್ಟರ್‌ನಲ್ಲೂ ಹಾಗೇ ಚಪ್ಪಲಿ ಬಿಡಿಸಿ ಮತ್ತೊಮ್ಮೆ ತೆಗೆಯಬೇಕಾಯಿತು, ಅದು ಬೇರೆ ಮಾತು. ಕ್ಲೋಸಪ್‌ನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಕತ್ತರಿ ಹಾಕುವುದಕ್ಕೆ ಜಾಗವೇ ಇರುವುದಿಲ್ಲ. ಕೊನೆಯ ಮಾತು ಆದ ಕೂಡಲೇ ಕಟ್ ಹೇಳಬೇಡಿ. ಮನಸ್ಸಿನಲ್ಲಿ ಐದು ಎಣಿಸಿ. ಹಾಗೆ ಎಣಿಸುತ್ತಿದ್ದಾಗಲೇ ಮೇಡಂ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ, ಅದನ್ನೇ ಸ್ವಲ್ಪ ಹೊತ್ತು ನೋಡಿ, ಬಾಗಿಲಾಚೆ ಎಸೆದರು. ನಾನು ಬರೆದಿರಲಿಲ್ಲ ಅದನ್ನು.

ಸೌಂಡ್ ಮಾತ್ರ ನಮ್ಮನ್ನು ಅಳಿಸಿತು. ಮೇಡಂ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟಿದ್ದರು, ಕಾಲರ್ ಮೈಕ್‌ಗೆ ಸರಸರ. ಮೆತ್ತಗಿನ ಹಳೆ ಸೀರೆ ಉಟ್ಟ ಮೇಲೆ ಮೊರದ ಸದ್ದು ಶುರು. ಮಾತಿಗಿಂತ ಅಕ್ಕಿಯೇ ಜೋರು. ಕೊನೆಗೆ ಮೇಡಂ ಅವರೇ, “ಅವನು ‘ಫೀಸ್’ ಅಂದಾಗ ನನ್ನ ಕೈ ನಿಲ್ಲುತ್ತೆ ಬಿಡು” ಅಂದರು. ಮುಖ್ಯವಾದ ಮಾತುಗಳಿಗೆ ಸೌಂಡ್ ಕ್ಲೀನ್ ಆಯಿತು. ನೋಡಿದವರೆಲ್ಲ ಆ ಕೈ ನಿಂತ ಜಾಗವನ್ನೇ ಹೊಗಳುತ್ತಾರೆ. ಮೈಕ್ ಕಾಟದಿಂದ ಹುಟ್ಟಿದ್ದು ಅಂತ ನಾವು ಹೇಳಲು ಹೋಗುವುದಿಲ್ಲ.

ಫ್ಯಾನ್, ಫ್ರಿಜ್ ಆಫ್ ಮಾಡಿ. ಫ್ರಿಜ್ ಒಳಗೆ ನಿಮ್ಮ ಬೈಕ್ ಕೀ ಇಡಿ, ಹೊರಡುವಾಗ ಅದನ್ನು ಆನ್ ಮಾಡುವುದು ಮರೆಯುವುದಿಲ್ಲ. ಜಾಗ ಬಿಡುವ ಮೊದಲು ಎಲ್ಲರೂ ಸುಮ್ಮನೆ ನಿಂತು ಆ ಮನೆಯ ಖಾಲಿ ಸದ್ದು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ.

ಕಂಟಿನ್ಯುಟಿಗೆ, ಅಂದರೆ ಎಲ್ಲ ಶಾಟ್‌ನಲ್ಲೂ ಒಂದೇ ಥರ ಕಾಣಲಿ ಅಂತ, ಪ್ರತಿ ಟೇಕ್‌ಗೂ ಮೊರಕ್ಕೆ ಒಂದು ಪಾವು ಅಕ್ಕಿ ಅಳೆದು ಹಾಕುತ್ತಿದ್ದೆವು, ಶುರುವಿಗೂ ಕೊನೆಗೂ ಮೊಬೈಲ್‌ನಲ್ಲಿ ಫೋಟೊ. ಈಗಿನ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲು ಎಲ್ಲಿ ಬರಬೇಕು? ಅಂಗಳದಿಂದ ಸಣ್ಣ ಕಲ್ಲು ಹೆಕ್ಕಿ ತಂದು ನಾವೇ ಬೆರೆಸಿದ್ದೆವು. ಕುಂಬಳಕಾಯಿ ಒಡೆದ ಮೇಲೆ ಮೇಡಂ ಆ ಮೊರ ಎಳೆದುಕೊಂಡು, “ಅಕ್ಕಿ ದಂಡ ಮಾಡ್ಬಾರ್ದಪ್ಪ” ಅಂತ ನಿಜವಾಗಿಯೂ ಆರಿಸಲು ಕೂತರು. ಶಾಟ್‌ನಲ್ಲಿ ಮಾಡಿದ್ದರ ಎರಡರಷ್ಟು ವೇಗ. ಕೈ ಅದರ ಪಾಡಿಗೆ ಓಡುತ್ತಿದೆ, ಕಣ್ಣು ನಮ್ಮ ಮೇಲೆ, ಬಾಯಲ್ಲಿ ಏನೋ ಮಾತು. ಕ್ಯಾಮೆರಾ ಆಗಲೇ ಬ್ಯಾಗ್ ಸೇರಿತ್ತು.