ಅಪ್ಪ ಅಮ್ಮ ಇಲ್ಲದ ರಾತ್ರಿಗಳು: ಅಮೆರಿಕದ ಬೇಸಿಗೆ ಶಿಬಿರ ಬೆಳೆದು ಬಂದ ಬಗೆ

ನಮ್ಮಲ್ಲಿ ಬೇಸಿಗೆ ಶಿಬಿರವೆಂದರೆ ಸಾಮಾನ್ಯವಾಗಿ ಬೆಳಿಗ್ಗೆ ಬುತ್ತಿ ಹಿಡಿದು ಹೋಗಿ ಸಂಜೆ ಮನೆಗೆ ಮರಳುವುದು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮುಂದಿರುವ ಪ್ರಶ್ನೆ ಬೇರೆ. ಒಂಬತ್ತು ಹತ್ತು ವರ್ಷದ ಮಗುವನ್ನು ಎರಡು ವಾರ, ಕೆಲವೊಮ್ಮೆ ಏಳು ವಾರ, ಸರೋವರದ ದಡದ ಮರದ ಕ್ಯಾಬಿನ್ನಿನಲ್ಲಿ ಬಿಟ್ಟು ಬರಬೇಕೇ? ಅಲ್ಲಿನವರಿಗೆ ಇದು ನೂರಾ ಅರವತ್ತು ವರ್ಷ ದಾಟಿದ ರೂಢಿ. ಮಗುವನ್ನು ತಿದ್ದುವ ಶಕ್ತಿ ಅದರಲ್ಲಿ ಎಲ್ಲಿದೆ ಎಂಬುದು ಅದರ ಚರಿತ್ರೆಯಲ್ಲೇ ಕಾಣುತ್ತದೆ.

1861ರಲ್ಲಿ ಅಂತರ್ಯುದ್ಧ ಆರಂಭವಾಗಿತ್ತು. ಹುಡುಗರಿಗೆಲ್ಲ ಸೈನಿಕರಂತೆ ಗುಡಾರದಲ್ಲಿ ಮಲಗುವ ಹಂಬಲ. ಕನೆಕ್ಟಿಕಟ್‌ನ ವಾಷಿಂಗ್ಟನ್ ಎಂಬ ಊರಿನಲ್ಲಿ ಶಾಲೆ ನಡೆಸುತ್ತಿದ್ದ ಫ್ರೆಡರಿಕ್ ಗನ್ ಮತ್ತು ಅವರ ಪತ್ನಿ ಅಬಿಗೇಲ್, ವಿದ್ಯಾರ್ಥಿಗಳೊಂದಿಗೆ ಸುಮಾರು 40 ಮೈಲಿ ದೂರದ ಮಿಲ್ಫರ್ಡ್ ಕಡಲ ದಂಡೆಗೆ ಹೋಗಿ ಎರಡು ವಾರ ಬೀಡುಬಿಟ್ಟರು. ಮೊದಲ ಶಿಬಿರವೆಂದು ಹಲವರು ಹೇಳುವುದು ಇದನ್ನೇ.

ಆದರೆ ಇಂದಿನ ಶಿಬಿರದ ಬೇರು ಇರುವುದು ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ಒಂದು ದ್ವೀಪದಲ್ಲಿ. ಸಿರಿವಂತರ ಮಕ್ಕಳು ಬೇಸಿಗೆಯಿಡೀ ಹೋಟೆಲುಗಳಲ್ಲಿ ಕೆಲಸವಿಲ್ಲದೆ ಕೊಳೆಯುವುದನ್ನು ಕಂಡು ಬೇಸತ್ತ ಅರ್ನೆಸ್ಟ್ ಬಾಲ್ಚ್ 1881ರಲ್ಲಿ ಅಲ್ಲಿ ಚೊಕೊರುವಾ ಶಿಬಿರ ತೆರೆದರು. ಆಳುಗಳಿಲ್ಲ ಎಂಬುದೇ ಅಲ್ಲಿನ ಕಟ್ಟಳೆ. ಅಡುಗೆ ಮಾಡುವುದು, ಪಾತ್ರೆ ತಿಕ್ಕುವುದು, ಕಸ ಗುಡಿಸುವುದು ಎಲ್ಲವೂ ಹುಡುಗರದೇ, ತಂಡತಂಡವಾಗಿ ಸರದಿಯ ಮೇಲೆ. ಕೈಖರ್ಚಿಗೆ ಕೊಡುತ್ತಿದ್ದ ಹಣ ಅಲ್ಪ. ಹೆಚ್ಚು ಬೇಕಾದವನು ದ್ವೀಪದಲ್ಲೇ ಏನಾದರೂ ದುಡಿದು ಗಳಿಸಬೇಕು. ಮನೆಯಲ್ಲಿ ಲೋಟ ಎತ್ತಿಡದ ಹುಡುಗ ಹಿಟ್ಟು ಹೊತ್ತಿಸಿದರೆ ಆ ದಿನ ಎಲ್ಲರೂ ಅದನ್ನೇ ತಿನ್ನಬೇಕು. ತಪ್ಪಿನ ಫಲ ಗೆಳೆಯರ ತಟ್ಟೆಯಲ್ಲೇ ಕಾಣುವಾಗ ಹಿರಿಯರ ಉಪದೇಶಕ್ಕೆ ಕೆಲಸವೆಲ್ಲಿ? ಬಾಲ್ಚ್ ಅವರ ಶಿಬಿರ 1889ಕ್ಕೆ ಮುಚ್ಚಿತು, ಆ ಕ್ರಮ ಮಾತ್ರ ಹರಡಿತು. 1885ರಲ್ಲಿ ಏಳು ಹುಡುಗರೊಂದಿಗೆ ಆರಂಭವಾದ ಕ್ಯಾಂಪ್ ಡಡ್ಲಿ ಇಂದಿಗೂ ನಡೆಯುತ್ತಿದೆ. 1902ರಲ್ಲಿ ಲಾರಾ ಮ್ಯಾಟೂನ್ ಹೆಣ್ಣುಮಕ್ಕಳಿಗಾಗಿ ಕೆಹೊಂಕಾ ಶಿಬಿರ ಕಟ್ಟಿದರು.

ಈ ಚರಿತ್ರೆಗೆ ಕಪ್ಪು ಪುಟಗಳೂ ಇವೆ. ಶಿಬಿರಗಳು ಮೂಲನಿವಾಸಿಗಳ ಹೆಸರು, ಗರಿಕಿರೀಟ, ಕುಣಿತಗಳನ್ನು ಎರವಲು ತಂದು ಆಡುತ್ತಿದ್ದ ಕಾಲದಲ್ಲೇ, ಆ ಮೂಲನಿವಾಸಿಗಳ ಮಕ್ಕಳನ್ನು ಕಾರ್ಲೈಲ್‌ನಂಥ ವಸತಿ ಶಾಲೆಗಳಿಗೆ ಒಯ್ದು ಅವರ ಭಾಷೆಯನ್ನೇ ಬಿಡಿಸಲಾಗುತ್ತಿತ್ತು. ಬಹುತೇಕ ಶಿಬಿರಗಳು ಕಪ್ಪು ಮಕ್ಕಳಿಗೆ ಬಾಗಿಲು ಮುಚ್ಚಿದ್ದರಿಂದ 1921ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅವರದೇ ಕ್ಯಾಂಪ್ ಆಟ್‌ವಾಟರ್ ಹುಟ್ಟಬೇಕಾಯಿತು.

ಒಂದೇ ಸೂರಿನಡಿ ಮಲಗುವ ಗುಂಪಿಗೆ ಎಷ್ಟು ಬಲವಿದೆ ಎಂದು 1954ರಲ್ಲಿ ಮನೋವಿಜ್ಞಾನಿ ಮುಜಾಫರ್ ಶೆರಿಫ್ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಪರೀಕ್ಷಿಸಿದರು. ಹನ್ನೊಂದರ ಆಸುಪಾಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯಕ್ಕೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಬಾವುಟ ಸುಟ್ಟು, ಒಬ್ಬರ ಕ್ಯಾಬಿನ್ನಿಗೆ ಇನ್ನೊಬ್ಬರು ನುಗ್ಗುವ ಮಟ್ಟಕ್ಕೆ ಹಗೆ ಬೆಳೆಯಿತು. ಜೊತೆಗೆ ಕೂರಿಸಿ ಊಟ ಹಾಕಿದರೂ ಅದು ತಗ್ಗಲಿಲ್ಲ. ಕುಡಿಯುವ ನೀರು ನಿಂತಾಗ, ಕೆಟ್ಟ ಲಾರಿಯನ್ನು ಎಲ್ಲರೂ ಸೇರಿ ಹಗ್ಗ ಕಟ್ಟಿ ಎಳೆಯಬೇಕಾದಾಗ ಕರಗತೊಡಗಿತು. ಪ್ರಯೋಗವೆಂದು ಮಕ್ಕಳಿಗೆ ತಿಳಿಸದೆ ಹೀಗೆ ಮಾಡಿದ್ದು ಸರಿಯಲ್ಲ. ಆದರೂ ಬರೀ ಸ್ಪರ್ಧೆಯನ್ನೇ ನೆಚ್ಚಿದ ಶಿಬಿರಕ್ಕೆ ಮಗುವನ್ನು ಕಳಿಸುವ ಮುನ್ನ ನೆನೆಯಬೇಕಾದ ಸಂಗತಿಯಿದು.

ಶಿಬಿರವೊಂದು ಬದುಕನ್ನೇ ರೂಪಿಸಿದ್ದಕ್ಕೆ ನಮಗೆ ಕಾಣುವ ಅತಿ ದೊಡ್ಡ ಸಾಕ್ಷಿ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ 1951ರಿಂದ 1977ರವರೆಗೆ ನಡೆದ ಕ್ಯಾಂಪ್ ಜೆನೆಡ್. ಅಂಗವೈಕಲ್ಯವುಳ್ಳ ಮಕ್ಕಳು ಅಲ್ಲಿ ಯಾರಿಗೂ ಹೊರೆಯೆನಿಸದೆ ಆಡಿದರು, ಜಗಳವಾಡಿದರು, ಪ್ರೀತಿಸಿದರು, ತಮ್ಮ ಬದುಕನ್ನು ತಾವೇ ಚರ್ಚಿಸಿದರು. ಅಲ್ಲಿ ಬೆಳೆದ ಜೂಡಿ ಹ್ಯೂಮನ್ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಮೂರು ವಾರಕ್ಕೂ ಮೀರಿ ನಡೆದ ಧರಣಿಯ ಮುಂದಾಳಾದರು. ಶಿಬಿರದ ಗೆಳೆಯರೂ ಜೊತೆಗಿದ್ದರು. ಅಂಗವಿಕಲರ ಹಕ್ಕಿನ ನಿಯಮಗಳಿಗೆ ಸರ್ಕಾರ ಸಹಿ ಹಾಕಿತು.

ಇನ್ನೊಂದು ಅಧ್ಯಯನ 2014ರದು. ಫೋನ್, ಟಿವಿಯ ಪರದೆಗಳಿಲ್ಲದ ಶಿಬಿರದಲ್ಲಿ ಐದು ದಿನ ಕಳೆದ 51 ಮಕ್ಕಳು, ಎಂದಿನಂತೆ ಶಾಲೆಗೆ ಹೋಗುತ್ತಿದ್ದ 54 ಮಕ್ಕಳಿಗಿಂತ ಮುಖಭಾವ ಓದುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು.

ಕಳಿಸುವುದೆಂದು ತೀರ್ಮಾನಿಸಿದರೆ ಮೊದಲು ವಿಚಾರಿಸಬೇಕಾದದ್ದು ಮಕ್ಕಳನ್ನು ನೋಡಿಕೊಳ್ಳುವವರ ಸಂಖ್ಯೆ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ನಿನ ಮಾನದಂಡದಂತೆ ರಾತ್ರಿ ಉಳಿಯುವ ಶಿಬಿರದಲ್ಲಿ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 14ರ ಎಂಟು ಮಕ್ಕಳಿಗೆ ಒಬ್ಬರು ಬೇಕು.

ಮನೆಯ ನೆನಪು ಬಹುತೇಕ ಎಲ್ಲ ಮಕ್ಕಳನ್ನೂ ಕಾಡುತ್ತದೆ. ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ, ಮಲಗುವಾಗ, ಅದು ಜೋರು. ಮೊದಲೇ ಅಜ್ಜಿಯ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಎರಡು ಮೂರು ರಾತ್ರಿ ಒಂಟಿಯಾಗಿ ಬಿಟ್ಟು ಅಭ್ಯಾಸ ಮಾಡಿಸಿ. ಆ ದಿನಗಳಲ್ಲಿ ಫೋನ್ ಬೇಡ. ಶಿಬಿರದ ಆಯ್ಕೆಯಲ್ಲಿ ಮಗುವೂ ಪಾಲ್ಗೊಳ್ಳಲಿ. ಹೆತ್ತವರು ಕರುಳಿನ ಸಂಕಟದಿಂದ ಆಡಿಬಿಡುವ ಒಂದು ಮಾತು ಎಲ್ಲವನ್ನೂ ಕೆಡಿಸುತ್ತದೆ: 'ಇಷ್ಟವಾಗದಿದ್ದರೆ ಹೇಳು ಚಿನ್ನ, ತಕ್ಷಣ ಬಂದು ಕರ್ಕೊಂಡು ಬರ್ತೀವಿ.' ಅದನ್ನು ಕೇಳಿದ ಮಗು ತನ್ನಿಂದ ಇದು ಆಗದೆಂದು ಅಪ್ಪ ಅಮ್ಮನೇ ಎಣಿಸಿದ್ದಾರೆ ಎಂದುಕೊಳ್ಳುತ್ತದೆ. ಮೊದಲ ರಾತ್ರಿಯಿಂದಲೇ ದಾರಿ ಕಾಯುತ್ತದೆ. ಅದರ ಬದಲು, ಅಳು ಬಂದರೆ ಕೌನ್ಸೆಲರ್, ಅಂದರೆ ಶಿಬಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ, ಹತ್ತಿರ ಹೇಳಬೇಕೆಂದು ತಿಳಿಸಿ, ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ನಾಲ್ಕಾರು ಲಕೋಟೆಗಳನ್ನು ಪೆಟ್ಟಿಗೆಯಲ್ಲಿಡಿ. ಮೊದಲ ಕಾಗದ ತಲುಪುವ ಹೊತ್ತಿಗೆ, ಅದರಲ್ಲಿ ಬರೆದ ಅಳು ಹಲವು ದಿನ ಹಳೆಯದಾಗಿರುತ್ತದೆ.