ಗ್ಲೈಡರ್ ಎಳೆಯುವ ಪೈಲಟ್‌: ಲಾಗ್‌ಬುಕ್‌ನ ಗಂಟೆಯೂ ಕೂಲಿಯೇ?

ಗ್ಲೈಡರ್‌ಗೆ ಎಂಜಿನ್ ಇಲ್ಲ. ಅಮೆರಿಕದ ಕ್ಲಬ್‌ಗಳಲ್ಲಿ ಅದನ್ನು ಮೇಲಕ್ಕೆ ಎಳೆದೊಯ್ಯಲು ಹೆಚ್ಚಾಗಿ ಬಳಸುವುದು ಪೈಪರ್ ಪಾನಿ, ಹೊಲಕ್ಕೆ ಔಷಧಿ ಹೊಡೆಯಲೆಂದೇ ಮಾಡಿದ ವಿಮಾನ. ನಡುವೆ ಸುಮಾರು 200 ಅಡಿ ಹಗ್ಗ. 2000 ಅಡಿಯ ಹತ್ತಿರ ಏರಿದ ಮೇಲೆ ಗ್ಲೈಡರ್‌ನವರು ಹಗ್ಗ ಬಿಟ್ಟು ಬಲಕ್ಕೆ ತಿರುಗುತ್ತಾರೆ. ಎಳೆದವರು ಎಡಕ್ಕೆ ತಿರುಗಿ ಕೆಳಗಿಳಿದು, ಮುಂದಿನ ಗ್ಲೈಡರ್‌ಗೆ ಸಿದ್ಧರಾಗುತ್ತಾರೆ. ಹೀಗೆ ಎಳೆಯುವವರಲ್ಲಿ ಎಷ್ಟೋ ಜನ ಕ್ಲಬ್ಬಿನ ಸದಸ್ಯರೇ. ಒಂದು ಪೈಸೆಯನ್ನೂ ತಗೊಳ್ಳುವುದಿಲ್ಲ.

ಹಾಗಿದ್ದರೆ ತಕರಾರು ಎಲ್ಲಿಂದ ಬಂತು?

ಖಾಸಗಿ ಪೈಲಟ್ ಲೈಸೆನ್ಸ್ ಇದ್ದವರು ಪ್ರತಿಫಲಕ್ಕಾಗಿ ವಿಮಾನ ಹಾರಿಸುವಂತಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ, ಪ್ರತಿಫಲ ಅಂದರೆ ಬರೀ ದುಡ್ಡಲ್ಲ ಎಂದೇ ಹೇಳುತ್ತಾ ಬಂದಿದೆ. ಖರ್ಚು ಬೇರೆಯವರದಾಗಿ, ನೀವು ಸುಮ್ನೆ ಹಾರಾಟದ ಗಂಟೆಗಳನ್ನು ಲಾಗ್‌ಬುಕ್‌ಗೆ, ಅಂದರೆ ಪೈಲಟ್‌ನ ಹಾರಾಟದ ದಾಖಲೆ ಪುಸ್ತಕಕ್ಕೆ, ಸೇರಿಸಿಕೊಂಡರೆ ಅದೂ ಗಳಿಕೆಯೇ. ಇದರಲ್ಲಿ ತರ್ಕವಿದೆ. ವಾಣಿಜ್ಯ ಲೈಸೆನ್ಸಿಗೆ ಸಾಮಾನ್ಯವಾಗಿ 250 ಗಂಟೆ ಬೇಕು, ಬಾಡಿಗೆ ವಿಮಾನದಲ್ಲಿ ಪ್ರತಿ ಗಂಟೆಗೂ ಕೈಯಿಂದ ಹಣ ಹೋಗುತ್ತದೆ. ಆದರೆ ಈ ಅಳತೆಯನ್ನು ಭಾನುವಾರವೆಲ್ಲ ಬಿಸಿಲಲ್ಲಿ ಗ್ಲೈಡರ್ ಎಳೆಯುವ ಸದಸ್ಯನಿಗೂ ಹಚ್ಚುವುದು ನ್ಯಾಯವಲ್ಲ, ಅಲ್ವಾ? ಎಫ್‌ಎಎಯ ಹಳೆಯ 61.118ನೇ ನಿಯಮದಲ್ಲಿ ಖರ್ಚು ಹಂಚಿಕೊಳ್ಳುವವರಿಗೆ, ವಿಮಾನ ಮಾರುವವರಿಗೆ ವಿನಾಯಿತಿ ಇತ್ತು. ಗ್ಲೈಡರ್ ಎಳೆಯುವವರ ಮಾತೇ ಇರಲಿಲ್ಲ.

1997ರ ಆಗಸ್ಟ್ 4ರಂದು ಹೊಸ ನಿಯಮಗಳು ಜಾರಿಗೆ ಬಂದವು. 61.118ರ ಜಾಗಕ್ಕೆ ಬಂದ 61.113ರ ವಿನಾಯಿತಿಗಳ ಸಾಲಿಗೆ ಗ್ಲೈಡರ್ ಎಳೆಯುವ ಕೆಲಸವೂ ಸೇರಿತು. ಗಂಟೆ ಬರೆದುಕೊಂಡದ್ದಕ್ಕೇ ತಪ್ಪಿತಸ್ಥರಾಗುವ ಭಯ ಹೋಯಿತು. 2004ರಲ್ಲಿ ಎಂಜಿನ್ ಇಲ್ಲದ ಅಲ್ಟ್ರಾಲೈಟ್‌ಗಳನ್ನು (ತೀರಾ ಹಗುರವಾದ ಹಾರುವ ವಾಹನಗಳನ್ನು) ಎಳೆಯುವವರಿಗೂ ಇದು ಅನ್ವಯಿಸಿತು. ಯುರೋಪ್ 2014ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಕ್ಲಬ್ಬನ್ನೇ ಕೇಳುತ್ತಾರೆ: ಇದರ ಲಾಭ ಹೊರಗಿನವರಿಗೆ ಹಂಚಿಕೆಯಾಗುತ್ತಿದೆಯೇ? ಇಲ್ಲ ಎಂದಾದರೆ ಅದು ವ್ಯಾಪಾರವಲ್ಲ. ನನಗೆ ಈ ಪ್ರಶ್ನೆಯೇ ಹೆಚ್ಚು ಸರಿ ಅನ್ನಿಸುತ್ತದೆ.

ದುಡ್ಡಿನ ವಿಷಯದಲ್ಲಿ ಸಡಿಲ ಬಿಟ್ಟರೂ ಕೈಚಳಕದ ವಿಷಯದಲ್ಲಿ ಬಿಡುವಂತಿಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಗ್ಲೈಡರ್ ಜಾಸ್ತಿ ಮೇಲೇರಿತು ಅಂದುಕೊಳ್ಳಿ. ಹಗ್ಗ ಬಿಗಿದು, ಎಳೆಯುವ ವಿಮಾನದ ಬಾಲವನ್ನು ಮೇಲೆತ್ತುತ್ತದೆ. ಮೂತಿ ನೆಲದ ಕಡೆಗೆ ವಾಲುತ್ತದೆ. ಪೈಲಟ್ ತಕ್ಷಣ ಹಿಡಿ ಎಳೆದು ಹಗ್ಗ ಕಳಚಬೇಕು, ಯೋಚಿಸುತ್ತಾ ಕೂರಲು ಸಮಯವಿಲ್ಲ. ಅದಕ್ಕೇ 61.69ನೇ ನಿಯಮ ಅಂಥದೇ ವರ್ಗದ ವಿಮಾನದಲ್ಲಿ ಮುಖ್ಯ ಪೈಲಟ್ ಆಗಿ 100 ಗಂಟೆ, ಜೊತೆಗೆ ತರಬೇತಿ ಕೇಳುತ್ತದೆ. ಕಳೆದ 24 ತಿಂಗಳಲ್ಲಿ ಅರ್ಹ ಪೈಲಟ್‌ನ ಜೊತೆ ಮೂರು ಸಲ ಎಳೆದಿರಬೇಕು. ಇಲ್ಲವೇ, ವಿಮಾನ ಎಳೆದೊಯ್ದ ಗ್ಲೈಡರನ್ನು ಮೂರು ಸಲ ಹಾರಿಸಿದ್ದರೂ ಸಾಕು. ಯುರೋಪಿನಲ್ಲಿ ಅದೇ ಅವಧಿಗೆ ಐದು ಸಲ ಎಳೆದಿರಲೇಬೇಕು. ಹಗ್ಗದ ಆ ತುದಿಯ ಅನುಭವ ಈ ತುದಿಗೆ ಸಾಲದು. ಅಮೆರಿಕ ಈ ಒಂದು ಸಾಲನ್ನಾದರೂ ಬಿಗಿ ಮಾಡಬೇಕು.