ತಗ್ಗಿ ಹಾರುವ ‘ನಿರ್ಭಯ್’

ಹಾಸನದಿಂದ ಚಿಕ್ಕಮಗಳೂರಿಗೆ ಬೇಲೂರಿನ ಮೇಲೆ ಹೋದರೆ ರಸ್ತೆ ಸುತ್ತಿ ಬಳಸಿ ಸಾಗುತ್ತದೆ. ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಎರಡೂ ಊರುಗಳ ನಡುವಿನ ದೂರ ಸುಮಾರು 50 ಕಿಲೋಮೀಟರ್. ವಿಮಾನದಂತೆ ರೆಕ್ಕೆ ಚಾಚಿ ಜೆಟ್ ಎಂಜಿನ್ ಬಲದಿಂದ ತಗ್ಗಿನಲ್ಲಿ ಹಾರುವ ಕ್ರೂಸ್ ಕ್ಷಿಪಣಿ ಎಂಬ ಅಸ್ತ್ರದ ಮರ್ಮವನ್ನು ತಿಳಿಯಲು ಈ ದೂರ ಅಳತೆಗೋಲಾಗಿ ಚೆನ್ನಾಗಿ ಒದಗುತ್ತದೆ.

ಹಾಸನದಲ್ಲಿ 20 ಮೀಟರ್ ಎತ್ತರದ ಗೋಪುರದ ಮೇಲೆ ಒಂದು ರೇಡಾರ್ ಇದೆ ಎಂದುಕೊಳ್ಳಿ. ಗುಡ್ಡಬೆಟ್ಟಗಳನ್ನು ಸದ್ಯಕ್ಕೆ ಮರೆತು, ನೆಲವೆಲ್ಲ ಸಮತಟ್ಟು ಎಂದೇ ಇಟ್ಟುಕೊಳ್ಳೋಣ. 10 ಕಿಲೋಮೀಟರ್ ಎತ್ತರದಲ್ಲಿ ಬರುವ ವಿಮಾನ 400 ಕಿಲೋಮೀಟರ್ ಆಚೆ ಇರುವಾಗಲೇ ಆ ರೇಡಾರಿನ ದೃಷ್ಟಿಗೆ ಬರಬಲ್ಲದು. ಅದೇ ನೆಲದಿಂದ ಬರೀ 50 ಮೀಟರ್ ಎತ್ತರದಲ್ಲಿ ಹಾರಿ ಬರುವ ವಸ್ತು ಚಿಕ್ಕಮಗಳೂರನ್ನು ದಾಟಿ ಈಚೆಗೆ ಬರುವವರೆಗೂ ಕಾಣುವುದಿಲ್ಲ. ಭೂಮಿ ದುಂಡಗಿರುವುದರಿಂದ ಅದರ ಬಾಗೇ ಅಷ್ಟು ಹೊತ್ತು ಅದನ್ನು ಮರೆಮಾಡುತ್ತದೆ. ಇನ್ನು ಬೆಟ್ಟಗಳನ್ನು ಲೆಕ್ಕಕ್ಕೆ ಸೇರಿಸಿದರೆ? 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂಥ ಬೆಟ್ಟಸಾಲಿನ ಹಿಂದಿನ ಕಣಿವೆಯೊಳಗೆ ನುಸುಳಿ ಬರುವ ವಸ್ತುವಿಗೆ ಆ ಬೆಟ್ಟವೇ ಗುರಾಣಿ.

ನಮ್ಮ ದೇಶದ ಕ್ರೂಸ್ ಕ್ಷಿಪಣಿ ‘ನಿರ್ಭಯ್’ ಇರುವುದೇ ಹೀಗೆ ಹಾರಲು. ಉದ್ದ ಸುಮಾರು ಆರು ಮೀಟರ್, ತೂಕ ಒಂದೂವರೆ ಟನ್, ವೇಗ ಶಬ್ದದ ವೇಗದ ಹತ್ತರಲ್ಲಿ ಏಳು ಪಾಲು. ಅಂದರೆ ನಿಮಿಷಕ್ಕೆ 14 ಕಿಲೋಮೀಟರ್. ರೇಡಾರಿಗೆ ಸಿಕ್ಕಿದ ಮೇಲೆ ಎದುರಾಳಿಗೆ ಉಳಿಯುವ ಸಮಯ ಮೂರೂವರೆ ನಿಮಿಷ. ಬ್ರಹ್ಮೋಸ್ ಶಬ್ದದ 2.8 ಪಟ್ಟು ವೇಗದಲ್ಲಿ ಹೋಗುತ್ತದಲ್ಲ, ಇದೇಕೆ ಇಷ್ಟು ನಿಧಾನ ಎಂದು ಹಲವರು ಕೇಳುತ್ತಾರೆ. ವೇಗ ಹೆಚ್ಚಿದಷ್ಟೂ ಇಂಧನ ಬೇಗ ಮುಗಿಯುತ್ತದೆ, ಮೈ ಕಾಯುತ್ತದೆ. ಅದೇ ತೂಕದಲ್ಲಿ 1,000 ಕಿಲೋಮೀಟರ್ ಕ್ರಮಿಸಬೇಕಾದರೆ ನಿಧಾನವೇ ಲೇಸು. ಎರಡು ಕ್ಷಿಪಣಿಗಳ ಕೆಲಸವೇ ಬೇರೆ. ಒಂದರೊಡನೆ ಇನ್ನೊಂದನ್ನು ಪಂದ್ಯಕ್ಕೆ ಇಳಿಸುವುದು ಸರಿಯಲ್ಲ.

ದಾರಿ ತಪ್ಪದಂತೆ ತಗ್ಗಿನಲ್ಲಿ ಒಂದು ಗಂಟೆಗೂ ಮಿಕ್ಕಿ ಹಾರುವುದೇ ನಿಜವಾದ ಕಷ್ಟ. ಕ್ಷಿಪಣಿಯೊಳಗೆ ರಿಂಗ್ ಲೇಸರ್ ಗೈರೊ ಎಂಬ ಉಪಕರಣವಿದೆ. ಗಾಜಿನಂಥ ಗಟ್ಟಿ ತುಂಡಿನೊಳಗೆ ಮುಚ್ಚಿದ ಸುತ್ತುದಾರಿ ಕೊರೆದು, ಮೂಲೆಗಳಲ್ಲಿ ಕನ್ನಡಿ ಕೂರಿಸಿರುತ್ತಾರೆ. ಅದರೊಳಗೆ ಎರಡು ಲೇಸರ್ ಕಿರಣಗಳು, ಒಂದು ಪ್ರದಕ್ಷಿಣೆಯಾಗಿ, ಇನ್ನೊಂದು ಅಪ್ರದಕ್ಷಿಣೆಯಾಗಿ ಸುತ್ತುತ್ತವೆ. ಕ್ಷಿಪಣಿ ಕೂದಲೆಳೆಯಷ್ಟು ಹೊರಳಿದರೂ ಒಂದು ಕಿರಣದ ದಾರಿ ತುಸು ಉದ್ದವಾಗುತ್ತದೆ, ಮತ್ತೊಂದರದು ತುಸು ಗಿಡ್ಡವಾಗುತ್ತದೆ. ಎರಡರ ಕಂಪನಾಂಕಗಳ ನಡುವೆ ಹುಟ್ಟುವ ಆ ಅಂತರವನ್ನು ಅಳೆದರೆ ಎಷ್ಟು ಹೊರಳಿತು ಎಂಬುದು ಗೊತ್ತಾಗುತ್ತದೆ. ತಿರುಗುವ ಬುಗುರಿಯಿಲ್ಲ, ಸವೆಯುವ ಬೇರಿಂಗ್ ಇಲ್ಲ. ಬೆಳಕನ್ನೇ ದಿಕ್ಸೂಚಿಯಾಗಿಸಿದ ಈ ಉಪಾಯವನ್ನು ತರಗತಿಯಲ್ಲಿ ವಿವರಿಸುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಆದರೂ ಒಂದು ಕೊರತೆ ಉಂಟು. ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡು, ಒಳ್ಳೆಯ ದರ್ಜೆಯ ಉಪಕರಣದಲ್ಲೂ ಗಂಟೆಗೆ ಒಂದೆರಡು ಕಿಲೋಮೀಟರ್ ವ್ಯತ್ಯಾಸವಾಗಬಹುದು. ಆದ್ದರಿಂದ ಉಪಗ್ರಹಗಳ ಸಂಕೇತ ಹಿಡಿದು ಆಗಾಗ ತಿದ್ದಿಕೊಳ್ಳಬೇಕು. ಸಾಲಗಾಮೆ ರಸ್ತೆಯ ಇಸ್ರೊ ಕೇಂದ್ರದ ದೊಡ್ಡ ಡಿಶ್‌ಗಳನ್ನು ನೋಡುತ್ತಾ ಬೆಳೆದ ಹಾಸನದ ಹುಡುಗರು, ಕ್ಷಿಪಣಿಗಳನ್ನು ಅಲ್ಲಿಂದಲೇ ನಡೆಸುತ್ತಾರೆಯೇ ಸಾರ್ ಎಂದು ಕೇಳುವುದುಂಟು. ಇಲ್ಲ. 1982ರಿಂದ ಇರುವ ಈ ಮುಖ್ಯ ನಿಯಂತ್ರಣ ಕೇಂದ್ರ, ಎಂಸಿಎಫ್, ನೋಡಿಕೊಳ್ಳುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು. ನಮ್ಮದೇ ಪಥದರ್ಶಕ ವ್ಯವಸ್ಥೆಯಾದ ನಾವಿಕ್ ಉಪಗ್ರಹಗಳೂ ಅವುಗಳಲ್ಲಿ ಸೇರಿವೆ. ಯುದ್ಧದ ಹೊತ್ತಿನಲ್ಲಿ ಬೇರೆ ದೇಶ ತನ್ನ ಸಂಕೇತವನ್ನು ನಿಲ್ಲಿಸಿದರೆ ಕೈಕಟ್ಟಿ ಕೂರಬೇಕಾಗಿಲ್ಲ ಎಂಬ ಭರವಸೆ ಇಂಥ ಸ್ವಂತ ವ್ಯವಸ್ಥೆಯಿಂದಲೇ ಬರಬೇಕು.

ನಿರ್ಭಯ್ ರೂಪುಗೊಂಡದ್ದು ಬೆಂಗಳೂರಿನಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪ್ರಯೋಗಾಲಯವಾದ ಎಡಿಇಯಲ್ಲಿ. ಪರೀಕ್ಷೆ ನಡೆದದ್ದು ಒಡಿಶಾದ ಚಾಂದೀಪುರ ಕಡಲತೀರದಲ್ಲಿ. 2013ರ ಮಾರ್ಚ್ 12ರ ಮೊದಲ ಹಾರಾಟವನ್ನು ನಡುದಾರಿಯಲ್ಲೇ ಮೊಟಕುಗೊಳಿಸಬೇಕಾಯಿತು. 2014ರ ಅಕ್ಟೋಬರ್‌ನಲ್ಲಿ 1,000 ಕಿಲೋಮೀಟರ್ ದಾಟಿದಾಗ ಎಲ್ಲರೂ ಹಿಗ್ಗಿದರು. ಆಮೇಲೆ 2015ರಲ್ಲೂ ಸೋಲು, 2016ರಲ್ಲೂ ಸೋಲು. ಯೋಜನೆಯ ಕಥೆ ಮುಗಿಯಿತು ಎಂಬ ಮಾತು ಆಗ ಬಲವಾಗಿ ಕೇಳಿಬಂದಿತ್ತು. 2017ರ ನವೆಂಬರ್‌ನಲ್ಲಿ 50 ನಿಮಿಷದಲ್ಲಿ 647 ಕಿಲೋಮೀಟರ್ ಹಾರಿ ಅದು ಚೇತರಿಸಿಕೊಂಡಿತು. 2019ರಲ್ಲಿ ಕಡಲ ಮೇಲೆ ಅತಿ ತಗ್ಗಿನಲ್ಲಿ ಸಾಗಿತು. 2020ರಲ್ಲಿ ಮತ್ತೆ ಎಡವಿತು.

ಈ ಏಳುಬೀಳುಗಳನ್ನು ಆಡಿಕೊಂಡವರ ಮೇಲೆ ನನಗೆ ಬೇಸರವಿದೆ. ಮೇಲಕ್ಕೆ ಎಸೆಯಲ್ಪಟ್ಟು ಕೆಳಕ್ಕೆ ಬೀಳುವ ಖಂಡಾಂತರ ಕ್ಷಿಪಣಿಯ ರಾಕೆಟ್ ಕೆಲವೇ ನಿಮಿಷ ಉರಿದರೆ ಸಾಕು. ಕ್ರೂಸ್ ಕ್ಷಿಪಣಿಯಲ್ಲಾದರೆ, ರಾಕೆಟ್ ಅದನ್ನು ನೆಲದಿಂದೆತ್ತಿ ಕಳಚಿಕೊಳ್ಳಬೇಕು, ರೆಕ್ಕೆ ಬಿಚ್ಚಿಕೊಳ್ಳಬೇಕು, ಒಳಗಿನ ಜೆಟ್ ಎಂಜಿನ್ ಹೊತ್ತಿಕೊಳ್ಳಬೇಕು. ಇದಿಷ್ಟೂ ಆಗುವುದು ಕ್ಷಣಗಳ ಅಂತರದಲ್ಲಿ, ಪೈಲಟ್ ಇಲ್ಲದೆ. ಒಂದು ಹೆಜ್ಜೆ ತಪ್ಪಿದರೆ ಉಳಿದವುಗಳಿಗೆ ಅವಕಾಶವೇ ಇಲ್ಲ.

ಎಂಜಿನ್‌ನದೇ ಇನ್ನೊಂದು ಅಧ್ಯಾಯ. ಮೊದಮೊದಲು ಬಳಸಿದ್ದು ರಷ್ಯಾದ ಎಂಜಿನ್. ಅದರ ಜಾಗ ತುಂಬಲು ಡಿಆರ್‌ಡಿಒದ್ದೇ ಎಂಜಿನ್ ಪ್ರಯೋಗಾಲಯವಾದ ಬೆಂಗಳೂರಿನ ಜಿಟಿಆರ್‌ಇ ‘ಮಾಣಿಕ್’ ಎಂಬ ಪುಟ್ಟ ಟರ್ಬೊಫ್ಯಾನ್ ಜೆಟ್ ಎಂಜಿನ್ ರೂಪಿಸಿತು. ಜೆಟ್ ಎಂಜಿನ್ ಚಿಕ್ಕದಾದಷ್ಟೂ ಸುಲಭ ಎಂದು ತಿಳಿಯಬಾರದು. ತಿರುಗುವ ಅಲಗುಗಳ ತುದಿಗೂ ಹೊರಗವಚಕ್ಕೂ ನಡುವೆ ಕೊಂಚ ಸಂದು ಬಿಡಲೇಬೇಕು. ಗಾಳಿ ಅಲ್ಲಿ ಸೋರುತ್ತದೆ. ದೊಡ್ಡ ವಿಮಾನದ ಉದ್ದನೆಯ ಅಲಗಿಗೆ ಆ ಸೋರಿಕೆ ಲೆಕ್ಕಕ್ಕಿಲ್ಲ. ಬೆರಳಿನಷ್ಟು ಚಿಕ್ಕ ಅಲಗಿಗೆ ಅದೇ ದೊಡ್ಡ ನಷ್ಟ. ಸಂದನ್ನು ಇನ್ನೂ ಕಿರಿದು ಮಾಡೋಣವೆಂದರೆ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಬಿಸಿ ಲೋಹ ಹಿಗ್ಗಿ ಗೋಡೆಗೆ ಉಜ್ಜುತ್ತದೆ. ಸುಮಾರು 400 ಕಿಲೋಗ್ರಾಂ ನೂಕುಬಲದ ಈ ಎಂಜಿನ್ ನಮ್ಮ ಕೈಗೆ ದಕ್ಕಿದ್ದನ್ನು ನಾನು ಕ್ಷಿಪಣಿಗಿಂತಲೂ ಹೆಚ್ಚಿನ ಸಾಧನೆಯೆಂದು ಭಾವಿಸುತ್ತೇನೆ. ವಿದೇಶಿ ಎಂಜಿನ್ ಮಾರುವವರು ಯಾವಾಗ ಬೇಕಾದರೂ ಬಾಗಿಲು ಹಾಕಬಹುದು.

2024ರ ಏಪ್ರಿಲ್ 18ರಂದು ಮಾಣಿಕ್ ಹೊತ್ತ ಕ್ಷಿಪಣಿ ಚಾಂದೀಪುರದಿಂದ ಹಾರಿ, ಮೊದಲೇ ಗೊತ್ತುಮಾಡಿದ ತಿರುವುಗಳನ್ನು ಅನುಸರಿಸಿ, ಅಲೆಗಳಿಗೆ ತೀರ ಹತ್ತಿರದಲ್ಲಿ ಸಾಗಿತು. ವಾಯುಪಡೆಯ ಸುಖೋಯ್ ವಿಮಾನವೊಂದು ಮೇಲಿನಿಂದ ಅದರ ಮೇಲೆ ನಿಗಾ ಇಟ್ಟಿತ್ತು. ಅದೇ ವರ್ಷದ ನವೆಂಬರ್ 12ರಂದು ನಿರ್ಭಯ್‌ನಿಂದಲೇ ಬೆಳೆದ, ನೆಲದ ಗುರಿಗಳಿಗಾಗಿಯೇ ರೂಪಿಸಿದ ದೂರಗಾಮಿ ಕ್ರೂಸ್ ಕ್ಷಿಪಣಿಯ ಮೊದಲ ಹಾರಾಟ ಸಂಚಾರಿ ಉಡಾವಣಾ ವಾಹನದಿಂದ ನಡೆಯಿತು. ಸರ್ಕಾರಿ ರಕ್ಷಣಾ ಕಂಪನಿಗಳಾದ ಹೈದರಾಬಾದಿನ ಬಿಡಿಎಲ್ ಮತ್ತು ಬೆಂಗಳೂರಿನ ಬಿಇಎಲ್ ಇದರ ಅಭಿವೃದ್ಧಿ ಮತ್ತು ಉತ್ಪಾದನೆಯ ಪಾಲುದಾರರು. ಯುದ್ಧನೌಕೆಗಳ ಲಂಬ ಕೊಳವೆಯಿಂದಲೂ ಉಡಾಯಿಸುವಂತೆ ಇದನ್ನು ಅಣಿಗೊಳಿಸಿದ್ದಾರೆ.